ಪಗ್ ನಾಯಿಗೆ ಅರಿವಳಿಕೆ ಕೊಡಿಸುವ ಮುನ್ನ

ಪ್ರಶ್ನೆ: ನಮ್ಮ ಐದು ವರ್ಷದ ಹೆಣ್ಣು ಪಗ್‌ಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲು ವೈದ್ಯರು ಸಲಹೆ ನೀಡಿದ್ದಾರೆ. ಪರಿಚಿತರೊಬ್ಬರ ನಾಯಿ ಇದೇ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಮೇಲೆ ಸತ್ತುಹೋಯಿತು. ಅರಿವಳಿಕೆ ಅಪಾಯಕಾರಿಯೇ?
- ಓದುಗರೊಬ್ಬರು, ತುಮಕೂರು

ಉತ್ತರ: ಅಪಾಯ ಇಲ್ಲವೆಂದು ಯಾವ ವೈದ್ಯರೂ ಹೇಳಲಾರರು, ಆದರೆ ಅದು ಎಲ್ಲಿದೆ ಎಂಬುದು ತಿಳಿದಿದ್ದರೆ ಬಹುಮಟ್ಟಿಗೆ ತಗ್ಗಿಸಬಹುದು. ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ, ಅರಿವಳಿಕೆಗೆ ಸಂಬಂಧಿಸಿ ಸತ್ತ ಆರೋಗ್ಯವಂತ ನಾಯಿಗಳ ಪ್ರಮಾಣ ಸುಮಾರು ಶೇ. 0.05 ಮಾತ್ರ. ಒಟ್ಟು ಸಾವುಗಳಲ್ಲಿ ಅರ್ಧದಷ್ಟು ಸಂಭವಿಸಿದ್ದು ಶಸ್ತ್ರಚಿಕಿತ್ಸೆ ಮುಗಿದ ಮೇಲೆ, ಅದರಲ್ಲೂ ಹೆಚ್ಚಿನವು ಮೊದಲ ಮೂರು ಗಂಟೆಗಳಲ್ಲಿ. ಆದ್ದರಿಂದ ಹೊಲಿಗೆ ಹಾಕಿದ ಕೂಡಲೇ ನಾಯಿಯನ್ನು ಎತ್ತಿಕೊಂಡು ಹೊರಡುವ ಅವಸರ ಬೇಡ; ಅದು ತಾನಾಗಿ ಎದ್ದು ನಡೆಯುವವರೆಗೆ ಆಸ್ಪತ್ರೆಯಲ್ಲೇ ಇರಲಿ.

ಪಗ್‌ನ ವಿಷಯದಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಮೋಟು ಮೂಗು, ಕಿರಿದಾದ ಹೊಳ್ಳೆ, ಗಂಟಲಿಗೆ ಇಳಿಬಿದ್ದ ಮೃದು ಅಂಗುಳ ಇರುವ ಈ ತಳಿಯ ಗಂಟಲ ಸ್ನಾಯುಗಳು ಮದ್ದಿನಿಂದ ಸಡಿಲವಾದರೆ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಹೀಗಾಗಿ ಪ್ರಜ್ಞೆ ತಪ್ಪಿಸುವ ಮೊದಲೇ ಮಾಸ್ಕಿನ ಮೂಲಕ ಆಮ್ಲಜನಕ ಕೊಟ್ಟು, ಅನಂತರ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ನಾಯಿ ಚೆನ್ನಾಗಿ ಎಚ್ಚರಗೊಂಡು ಅದನ್ನು ಅಗಿಯತೊಡಗುವವರೆಗೂ ತೆಗೆಯದಿರುವುದು ಒಳ್ಳೆಯ ಕ್ರಮ. ಕೊಳವೆ, ಆಮ್ಲಜನಕ, ನಾಡಿ ಹಾಗೂ ಉಸಿರಾಟವನ್ನು ತೋರಿಸುವ ಮಾನಿಟರ್ ಇವೆಯೇ ಎಂದು ಮುಂಚಿತವಾಗಿಯೇ ಕೇಳಿ. ಇದನ್ನು ಕೇಳಿದ್ದಕ್ಕೆ ಬೇಸರಪಡುವ ವೈದ್ಯರಿಗಿಂತ ಬೇರೆಯವರನ್ನು ಹುಡುಕುವುದು ಮೇಲು.

ರಕ್ತಪರೀಕ್ಷೆಯನ್ನು ತಪ್ಪಿಸಬೇಡಿ. ಉಣ್ಣಿ ಕಚ್ಚುವುದರಿಂದ ಬರುವ ಜ್ವರ ನಮ್ಮ ಊರುಗಳಲ್ಲಿ ಸಾಮಾನ್ಯ; ಅದು ಕಿರುಬಿಲ್ಲೆಗಳನ್ನು, ಅಂದರೆ ಪ್ಲೇಟ್‌ಲೆಟ್‌ಗಳನ್ನು, ತಗ್ಗಿಸುವುದರಿಂದ ಮೇಲುನೋಟಕ್ಕೆ ಆರೋಗ್ಯವಾಗಿರುವ ನಾಯಿಗೂ ಶಸ್ತ್ರಚಿಕಿತ್ಸೆಯಲ್ಲಿ ವಿಪರೀತ ರಕ್ತಸ್ರಾವವಾಗಬಹುದು. ಬೆಳೆದ ನಾಯಿಗೆ ಸಾಮಾನ್ಯವಾಗಿ ಆರರಿಂದ ಎಂಟು ಗಂಟೆ ಆಹಾರ ನಿಲ್ಲಿಸಬೇಕು. ನೀರನ್ನು ಯಾವಾಗ ನಿಲ್ಲಿಸಬೇಕೆಂದು ವೈದ್ಯರೇ ತಿಳಿಸುತ್ತಾರೆ. ಪಾಪ ಹಸಿದಿದೆಯೆಂದು ಮನೆಯ ಹಿರಿಯರು ಕದ್ದು ತಿನ್ನಿಸುವ ಎರಡು ತುತ್ತು ಮೊಸರನ್ನ ವಾಂತಿಯಾಗಿ ಶ್ವಾಸಕೋಶ ಸೇರಬಹುದು. ಹಾಗೇನಾದರೂ ತಿಂದಿದ್ದರೆ ಮುಚ್ಚಿಡದೆ ಹೇಳಿ, ದಿನ ಮುಂದೂಡಿಸಿ.

ಅರಿವಳಿಕೆಯಲ್ಲಿ ಮೈ ಬೇಗ ತಣ್ಣಗಾಗುವುದರಿಂದ ಕಂಬಳಿಯೊಂದನ್ನು ಒಯ್ಯಿರಿ. ಬಿಸಿನೀರಿನ ಚೀಲವನ್ನು ಮಾತ್ರ ನೇರವಾಗಿ ಮೈಗೆ ತಾಗಿಸಬೇಡಿ, ಮಂಪರಿನಲ್ಲಿರುವ ನಾಯಿ ಸುಟ್ಟರೂ ಸರಿಯಲಾರದು. ನೋವಿಗೆ ವೈದ್ಯರು ಬರೆದ ಔಷಧಿಯ ಹೊರತು ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬಾರದು. ಮನೆಯಲ್ಲಿ ಒಸಡು ಬಿಳಿಚಿದರೆ ಅಥವಾ ನೀಲಿಗಟ್ಟಿದರೆ, ಇಲ್ಲವೇ ಉಸಿರಾಡಲು ಕಷ್ಟಪಡುತ್ತಿದ್ದರೆ, ರಾತ್ರಿಯೆಂದು ನೋಡದೆ ಹೊರಡಿ. ಆ ಹೊತ್ತಿನಲ್ಲಿ ತೆರೆದಿರುವ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ.