ಊರಿನ ವೋಟರ್ ಕಾರ್ಡ್ ತೋರಿಸಿ ಬೆಂಗಳೂರಲ್ಲಿ ವೋಟ್ ಹಾಕಬಹುದಾ?

ಕಾರ್ಡ್ ಹಾಸನದ್ದು, ಈಗ ಇರೋದು ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿ, ಇಲ್ಲೇ ವೋಟ್ ಹಾಕಬಹುದಾ ಅಂತ ಕೇಳಿದ್ದೀರಿ. ಆಗಲ್ಲ. ಕಾರ್ಡ್ ಬರೀ ಗುರುತಿಗೆ. ಹೆಸರು ಯಾವ ಬೂತಿನ ಪಟ್ಟಿಯಲ್ಲಿದೆಯೋ ಅಲ್ಲೇ ವೋಟು. ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್ ಅಥವಾ ಪಾಸ್‌ಪೋರ್ಟ್ ತೋರಿಸಿದರೂ ನಡೆಯುತ್ತೆ.

ಪಟ್ಟಿಯಲ್ಲಿನ ಹೆಸರನ್ನು ಇಲ್ಲಿಗೆ ಬದಲಾಯಿಸಲು ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಫಾರಂ 8 ತುಂಬಿ. ಸುಮಾರು ಜನ ಫಾರಂ 6 ಹಾಕಿಬಿಡುತ್ತಾರೆ. ಅದು ಮೊದಲ ಸಲ ಸೇರುವವರಿಗೆ. ಹಾಸನದ ಹೆಸರು ಹಾಗೇ ಇಟ್ಟುಕೊಂಡು ಇಲ್ಲೂ ಸೇರಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಎರಡು ಕಡೆ ಹೆಸರಿರೋದು ಕಾನೂನಿಗೆ ವಿರುದ್ಧ. ಫಾರಂನಲ್ಲಿ ಸುಳ್ಳು ಬರೆದರೆ ಒಂದು ವರ್ಷದವರೆಗೆ ಜೈಲೂ ಆಗಬಹುದು.

ಓನರ್ ಒಪ್ಪಲ್ಲ ಅಂದಿರಿ. ಅವರ ಒಪ್ಪಿಗೆ ಯಾರಿಗೆ ಬೇಕು? ಕಾನೂನು ಕೇಳೋದು ನೀವು ಸಾಮಾನ್ಯವಾಗಿ ಎಲ್ಲಿ ವಾಸ ಮಾಡ್ತೀರಿ ಅಂತ, ಮನೆ ಯಾರದ್ದು ಅಂತಲ್ಲ. ಬೆಂಗಳೂರಲ್ಲಿ ಮನೆ ಇದ್ದ ಮಾತ್ರಕ್ಕೆ ಇಲ್ಲಿ ವೋಟು ಸಿಗೋದೂ ಇಲ್ಲ! ಗ್ಯಾಸ್ ಬಿಲ್ಲು, ಬ್ಯಾಂಕ್ ಪಾಸ್‌ಬುಕ್, ಯಾವುದರಲ್ಲಾದರೂ ಈ ವಿಳಾಸ ಇದ್ದರೆ ಸಾಕು. ಪರಿಶೀಲನೆಗೆ ಬಿಎಲ್‌ಓ, ಅಂದರೆ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳೋ ಅಧಿಕಾರಿ, ಮನೆ ಹತ್ತಿರ ಬರಬಹುದು, ಅವರ ಫೋನ್ ಬಂದರೆ ಎತ್ತಿ. ಅರ್ಧ ಅರ್ಜಿಗಳು ಅಲ್ಲೇ ಕೆಡುತ್ತವೆ ಅಂತ ನನ್ನ ಗುಮಾನಿ.

ಜೂನ್‌ನಲ್ಲಿ 18 ತುಂಬುವ ನಿಮ್ಮ ತಂಗಿ ಪಟ್ಟಿಗೆ ಸೇರಲು ಮುಂದಿನ ಜನವರಿವರೆಗೆ ಕಾಯಬೇಕಿಲ್ಲ. 18 ತುಂಬಿದೆಯಾ ಅಂತ ನೋಡೋಕೆ ಈಗ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1, ನಾಲ್ಕೂ ಲೆಕ್ಕಕ್ಕೆ ಬರುತ್ತವೆ. ಅವರಿಗೆ ಫಾರಂ 6. ಅನುಮಾನ ಇದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ.