ಓದುಗರು ಕೇಳ್ತಾರೆ: ಬೇರೆ ಮಾಡಿದ ಕಸ ಹೋಗೋದೆಲ್ಲಿಗೆ?

ಪ್ರಶ್ನೆ: ಸಾರ್, ನಮ್ಮ ಬೀದಿಯವ್ರೆಲ್ಲಾ ಸೇರಿ ಹಸಿ ಕಸ, ಒಣ ಕಸ ಬೇರೆ ಬೇರೆ ಮಾಡಿ ಇಡ್ತೀವಿ. ಗಾಡಿ ಬಂದಾಗ ಎರಡನ್ನೂ ಒಂದೇ ಕಡೆ ಸುರ್ಕೊಂಡು ಹೋಗ್ತಾರೆ. ಮತ್ಯಾಕೆ ನಾವು ಒದ್ದಾಡ್ಬೇಕು? ಸುಡೋ ಮಿಷನ್ ತಂದು ಹಾಕಿದ್ರೆ ಮುಗೀತಲ್ವಾ?

ಉತ್ತರ: ಸಿಟ್ಟು ಬರೋದು ನ್ಯಾಯವೇ ಬಿಡಿ. ಮೊದ್ಲು ಮಿಷನ್ ವಿಷ್ಯ ಮುಗಿಸ್ಬಿಡ್ತೀನಿ. ವಿಶ್ವಬ್ಯಾಂಕಿನ 2018ರ ವರದಿ ಪ್ರಕಾರ ಬಡ ದೇಶಗಳ ಕಸದಲ್ಲಿ 56 ಪರ್ಸೆಂಟ್ ಅಡುಗೆಮನೆ, ಗಿಡ-ಸೊಪ್ಪಿನ ಹಸಿ ಕಸ, ಶ್ರೀಮಂತ ದೇಶಗಳಲ್ಲಿ 32 ಅಷ್ಟೇ. ಹಸಿ ಸೌದೆ ಒಲೆಗೆ ತುರುಕಿದ್ರೆ ಏನಾಗುತ್ತೋ ಇಲ್ಲೂ ಅದೇ, ನೀರು ಆವಿ ಮಾಡೋದ್ರಲ್ಲೇ ಬಹಳಷ್ಟು ಶಾಖ ಹೋಗುತ್ತೆ. ಚೆನ್ನಾಗಿ ಉರಿಯೋದು ಕಾಗದ, ಪ್ಲಾಸ್ಟಿಕ್ಕು, ಅದನ್ನೇ ಒಲೆಗೆ ಹಾಕ್ಬಿಟ್ರೆ ಚಿಂದಿ ಆಯೋರ ಹೊಟ್ಟೆಪಾಡು ಹೋಯ್ತು.

ಈ ಆಯೋರನ್ನ ಬಿಟ್ಟು ಪ್ಲಾನ್ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಈಜಿಪ್ಟಿನ ಕೈರೋ ನೋಡಿ. ಅಲ್ಲಿ ಜಬ್ಬಾಲೀನ್ ಅಂತ ಒಂದು ಸಮುದಾಯ ಇದೆ, ತಲೆಮಾರುಗಳಿಂದ ಮನೆಮನೆ ಮೆಟ್ಟಿಲು ಹತ್ತಿ ಕಸ ತಂದು, ತಮ್ಮ ಮನೆ ಅಂಗಳದಲ್ಲೇ ವಿಂಗಡಿಸಿ, ಒಣ ಕಸ ಮಾರಿ, ಹಸಿ ಕಸ ಹಂದಿಗೆ ಹಾಕ್ತಿದ್ರು. ತಂದಿದ್ರಲ್ಲಿ ಸುಮಾರು 80 ಪರ್ಸೆಂಟ್ ಮರುಬಳಕೆ ಮಾಡ್ತಿದ್ರು ಅನ್ನೋ ಲೆಕ್ಕ ಇದೆ. 2003ರ ಸುಮಾರಿಗೆ ಸರ್ಕಾರ ವಿದೇಶಿ ಕಂಪನಿಗಳಿಗೆ ಗುತ್ತಿಗೆ ಕೊಡ್ತು, ಜನ ಕೆಳಗಿಳಿದು ಬೀದಿ ತೊಟ್ಟಿಗೆ ಕಸ ಹಾಕ್ಬೇಕು ಅಂದ್ರು. ಯಾರು ಇಳೀತಾರೆ? ಆಮೇಲೆ 2009ರಲ್ಲಿ ಹಂದಿಜ್ವರದ ಹೆದರಿಕೆಗೆ ಸುಮಾರು 3 ಲಕ್ಷ ಹಂದಿ ಕೊಲ್ಲಿಸಿದ್ರು, ಕಾಯಿಲೆ ಹಂದಿಯಿಂದ ಹರಡ್ತಿರ್ಲಿಲ್ಲ ಅನ್ನೋದು ಬೇರೆ ಮಾತು. ಹಸಿ ಕಸ ತಿನ್ನೋಕೆ ಯಾರೂ ಇಲ್ದೆ ಅದು ಬೀದೀಲಿ ಕೊಳೀತಾ ಬಿತ್ತು. ನನಗಂತೂ ಇಂಜಿನಿಯರುಗಳ ನಕ್ಷೆಗಿಂತ ಆ ಹಂದಿಗಳೇ ಜಾಣ ಅನ್ಸುತ್ತೆ.

ಸರಿಯಾಗಿ ಮಾಡಿದ ಊರುಗಳೂ ಇವೆ. ಪುಣೆಯಲ್ಲಿ 1993ರಲ್ಲೇ ಚಿಂದಿ ಆಯೋರು ಸಂಘ ಕಟ್ಟಿದ್ರು, ಅದ್ರಿಂದ ಹುಟ್ಟಿದ 'ಸ್ವಚ್ಛ್' ಸಹಕಾರಿ 2008ರಿಂದ ಪಾಲಿಕೆ ಜೊತೆ ಒಪ್ಪಂದದಲ್ಲಿ ಮನೆಮನೆ ಕಸ ಎತ್ತುತ್ತೆ. ಮನೆಯವ್ರು ತಿಂಗಳಿಗಿಷ್ಟು ಅಂತ ಕೊಡ್ತಾರೆ, ಒಣ ಕಸ ಮಾರಿದ ದುಡ್ಡೂ ಆಯೋರದ್ದೇ, ಹಾಗಾಗಿ ಬೇರೆ ಮಾಡಿಟ್ಟಿದ್ದನ್ನ ಕಲಸೋಕೆ ಅವ್ರಿಗೇ ಮನಸ್ಸು ಬರಲ್ಲ. ಕೊಲಂಬಿಯಾದ ಬೊಗೊಟಾದಲ್ಲಿ ಆಯೋರು ಕೋರ್ಟಿಗೆ ಹೋಗಿ ಗೆದ್ದು, 2013ರಿಂದ ಮರುಬಳಕೆಗೆ ಆರಿಸಿ ಕೊಟ್ಟ ಕಸದ ತೂಕದ ಲೆಕ್ಕದಲ್ಲಿ ಸರ್ಕಾರದಿಂದಲೇ ಕೂಲಿ ತಗೊಳ್ತಿದ್ದಾರೆ.

ನಿಮ್ಮ ಗಾಡಿಯವ್ರಿಗೆ ಸಂಬಳ ಬರೋದು ಟ್ರಿಪ್ ಲೆಕ್ಕದಲ್ಲೋ ತೂಕದ ಲೆಕ್ಕದಲ್ಲೋ ಇರ್ಬೇಕು, ಬೇರೆ ಇಟ್ರೆ ಅವ್ರಿಗೇನು ಲಾಭ? ಒಣ ಕಸ ಆ ಗಾಡಿಗೆ ಕೊಡ್ಲೇಬೇಡಿ. ನಿಮ್ಮ ಏರಿಯಾದಲ್ಲಿ ಆಯೋರು ಇದ್ದೇ ಇರ್ತಾರೆ, ವಾರಕ್ಕೊಂದು ದಿನ ಗೊತ್ತು ಮಾಡಿ ಬೀದಿ ಪೂರ್ತಿದು ಒಟ್ಟಿಗೆ ಅವ್ರ ಕೈಗೆ ಕೊಡಿ, ತೊಳೆದು ಒಣಗಿಸಿ ಕೊಟ್ರೆ ಅವ್ರಿಗೆ ರೇಟೂ ಚೆನ್ನಾಗಿ ಸಿಗುತ್ತೆ.

ಪ್ರಶ್ನೆ: ಚಿಪ್ಸ್ ಪ್ಯಾಕೆಟ್ ಗುಜರಿಯವ್ರು ಯಾಕೆ ಮುಟ್ಟಲ್ಲ? ಅದೂ ಪ್ಲಾಸ್ಟಿಕ್ಕೇ ತಾನೆ?

ಉತ್ತರ: ಒಂದಲ್ಲ, ಎರಡು ಮೂರು ಪದರ ಅಂಟಿಸಿರ್ತಾರೆ, ಒಳಗಡೆ ಹೊಳೆಯೋದು ಅಲ್ಯುಮಿನಿಯಂ ಲೇಪ. ಬಿಡಿಸೋಕಾಗಲ್ಲ, ತೂಕವೂ ಇಲ್ಲ. ಗೋಣಿಚೀಲ ತುಂಬಾ ಆರಿಸಿದ್ರೂ ದಿನದ ಕೂಲಿ ಗಿಟ್ಟಲ್ಲ. ಈ ಕೇಸಲ್ಲಿ ತಪ್ಪು ಗುಜರಿಯವ್ರದ್ದೂ ಅಲ್ಲ ನಿಮ್ದೂ ಅಲ್ಲ, ಪ್ಯಾಕೆಟ್ ಮಾಡಿದವ್ರದ್ದು.

ಪ್ರಶ್ನೆ: ನೀರಿನ ಬಾಟ್ಲಿ ಮುಚ್ಚಳ ಸಮೇತ ಕೊಡ್ಬೇಕಾ, ತೆಗೆದು ಕೊಡ್ಬೇಕಾ?

ಉತ್ತರ: ಮನೇಲೇ ಒಂದ್ಸಲ ಮಾಡಿ ನೋಡಿ, ಬಕೆಟ್ ನೀರಿಗೆ ಮುಚ್ಚಳದ ಚೂರು, ಬಾಟ್ಲಿ ಚೂರು ಎರಡೂ ಹಾಕಿ. ಮುಚ್ಚಳ ತೇಲುತ್ತೆ, ಬಾಟ್ಲಿ ಮುಳುಗುತ್ತೆ, ಅಂದ್ರೆ ಎರಡೂ ಬೇರೆ ಬೇರೆ ಜಾತಿ ಪ್ಲಾಸ್ಟಿಕ್. ಪುಡಿ ಮಾಡೋ ಘಟಕಗಳಲ್ಲಿ ಬೇರ್ಪಡಿಸೋದೂ ಹೀಗೇ ನೀರಿನ ತೊಟ್ಟೀಲಿ. ಆದ್ರೆ ಮುಚ್ಚಳ ಹಾಕಿದ ಬಾಟ್ಲಿ ಒಳಗೆ ಗಾಳಿ ನಿಂತು ಚಪ್ಪಟೆ ಆಗಲ್ಲ, ಚೀಲದಲ್ಲಿ ಜಾಗ ತಿನ್ನುತ್ತೆ, ಹೊರೋರಿಗೆ ಕಷ್ಟ. ತೆಗೆದು, ಬಾಟ್ಲಿ ತುಳಿದು, ಮುಚ್ಚಳ ಬೇರೆ ಡಬ್ಬಿಗೆ ಹಾಕಿಡಿ.