ಸ್ಪೇನಿನ ಹಳ್ಳಿಗಾಡಿನಲ್ಲಿ ಗಾಡಿಗಳ ಕಾಟವಿಲ್ಲದ ಗ್ರಾವೆಲ್ ಸೈಕಲ್ ದಾರಿ ಯಾವುದು?

ಮೇ ತಿಂಗಳಲ್ಲಿ ಐದು ದಿನ ಬಿಡುವಿದೆ, ಬಾಡಿಗೆ ಗ್ರಾವೆಲ್ ಬೈಕು (ಮಣ್ಣು, ಜಲ್ಲಿ ದಾರಿಗೆಂದೇ ಮಾಡಿದ ಸೈಕಲ್), ಪೂರ್ವ ಸ್ಪೇನಿನ ತೆರುವೆಲ್ ಕಡೆ ಒಂದೂ ಕಾರು ಎದುರಾಗದ ಮಣ್ಣುದಾರಿ ಹೇಳಿ, ಡಾಂಬರು ಬೇಡವೇ ಬೇಡ ಅಂತ ಕೇಳಿದ್ದೀರಿ. ಆ ‘ಬೇಡವೇ ಬೇಡ’ ನೋಡಿಯೇ ಬರೆಯಲು ಕೂತೆ. ನಾನೂ ಹಾಗೇ ಹೊರಟಿದ್ದೆ. ಮೊದಲ ದಿನವೇ ಸೈಕಲ್ಲನ್ನು ಟ್ರ್ಯಾಕ್ಟರ್ ಟ್ರೇಲರಿಗೆ ಹಾಕಿಕೊಂಡು ವಾಪಸ್ ಬಂದೆ.

ಆಗ ಕೆಲಸದ ಮೇಲೆ ವೇಲೆನ್ಸಿಯಾದಲ್ಲಿದ್ದೆ. ಅದಕ್ಕೂ ಮೊದಲು ಹತ್ತು ವರ್ಷ ಬೆಂಗಳೂರಿನ ರಿಂಗ್ ರೋಡಿನಲ್ಲಿ ಸೈಕಲ್ ಹೊಡೆದವನು. ಹಿಂದಿನಿಂದ ಹಾರ್ನ್ ಕೇಳದ ಜಾಗ ಸಿಕ್ಕರೆ ಸಾಕು ಅನ್ನೋ ಸ್ಥಿತಿ. ತೆರುವೆಲ್ ಪ್ರಾಂತದಲ್ಲಿ ಚದರ ಕಿಲೋಮೀಟರಿಗೆ ಸುಮಾರು 9 ಜನ. ‘ತೆರುವೆಲ್ ಅಂತ ಒಂದಿದೆ’ ಅಂತ ಕೂಗಿ ಹೇಳಲು ಅಲ್ಲಿನವರು 1999ರಲ್ಲಿ ಚಳವಳಿಯನ್ನೇ ಕಟ್ಟಿದರು. 2019ರಲ್ಲಿ ಅದೇ ಹೆಸರಲ್ಲಿ ಚುನಾವಣೆಗೆ ನಿಂತು ಸಂಸತ್ತಿಗೂ ಹೋದರು. ಊರಿನವರಿಗೆ ಅದು ಸಂಕಟ, ನನಗೆ ಅದೇ ಆಕರ್ಷಣೆ. ಈಗ ನೆನೆಸಿಕೊಂಡರೆ ಸ್ವಲ್ಪ ನಾಚಿಕೆ ಆಗುತ್ತೆ.

ಏಪ್ರಿಲ್ ಕೊನೆಯ ಶುಕ್ರವಾರ ಸಂಜೆ ಸೈಕಲ್ಲಿನ ಜೊತೆ ರೈಲಿನಲ್ಲಿ ತೆರುವೆಲ್ ತಲುಪಿದೆ. ರಾತ್ರಿಯಿಡೀ ಮಳೆ. ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗೆ ನೀಲಿ. ಅಲ್ಬರಸೀನ್ ಅನ್ನೋ ಹಳೇ ಊರಿಗೆ ಹೋಗಬೇಕಿತ್ತು. ಗ್ವಾದಲವಿಯಾರ್ ನದಿಯ ಪಕ್ಕದಲ್ಲೇ ಡಾಂಬರು ರಸ್ತೆ ಇದೆ, 38 ಕಿ.ಮೀ. ಆಸುಪಾಸು. ನಾನು ಡಾಂಬರು ಮುಟ್ಟಲ್ಲ ಅಂತ ಹಟ ಹಿಡಿದವನಲ್ವಾ? ಮ್ಯಾಪಿನಲ್ಲಿ ಕೆಂಪು ದಿಬ್ಬಗಳ ಮೇಲೆ ಹಾದು ಹೋಗುವ ಹೊಲದ ದಾರಿ ಆರಿಸಿಕೊಂಡೆ.

ತಪ್ಪು ಅಲ್ಲೇ ಆಗಿದ್ದು. ಇದನ್ನು ಬಿಡಿಸಿ ಹೇಳ್ತೀನಿ, ಬೇಜಾರಾದರೂ ಓದಿ.

ನಾನು ನವಲಗುಂದದ ಕಡೆಯವನು, ಎರೆಭೂಮಿಯಲ್ಲಿ ಬೆಳೆದವನು. ಮಳೆ ಬಿದ್ದ ಮೇಲೆ ಎರೆಯಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ, ಕಾಲು ಮಾತ್ರ ಮೇಲೆ. ಎರಡು ದಿನ ಬಿಸಿಲು ಬೀಳುವ ತನಕ ಬಂಡಿ ಹೂಡಬಾರದು ಅಂತ ಅಪ್ಪ ಹೇಳೋದು ಕೇಳಿಯೇ ದೊಡ್ಡವನಾದೆ. ಆದರೆ ನಮ್ಮ ಕಡೆ ಲೆಕ್ಕ ಬಣ್ಣದ್ದು. ಕಪ್ಪಗಿದ್ದರೆ ಎರೆ, ಅಂಟುತ್ತೆ. ಕೆಂಪಗಿದ್ದರೆ ಮಸಾರಿ, ನೀರು ಇಂಗುತ್ತೆ, ಮಧ್ಯಾಹ್ನಕ್ಕೆಲ್ಲ ನಡೆಯಬಹುದು. ತೆರುವೆಲ್ಲಿನ ಕೆಂಪು ನೋಡಿದ ತಕ್ಷಣ ನನ್ನ ತಲೆ ‘ಮಸಾರಿ’ ಅಂದುಬಿಟ್ಟಿತು. ಅದು ಮಸಾರಿ ಅಲ್ಲ, ಅಪ್ಪಟ ಜೇಡಿ. ಬಣ್ಣ ಮಸಾರಿಯದು, ಬುದ್ಧಿ ಎರೆಯದು.

ಮೊದಲ ಇನ್ನೂರು ಮೀಟರ್ ಚೆನ್ನಾಗೇ ಇತ್ತು. ಆಮೇಲೆ ಟಯರು ದಪ್ಪ ಆಗ್ತಾ ಬಂತು. ಟಯರಿಗೂ ಫ್ರೇಮಿಗೂ ನಡುವೆ ಇರೋದೇ ಒಂದು ಬೆರಳಿನ ಜಾಗ, ಅದು ತುಂಬಿತು. ಜೊತೆಗೆ ಮಣ್ಣಿನಲ್ಲಿದ್ದ ಹುಲ್ಲು, ಹರಳು ಸೇರಿ ಇಟ್ಟಿಗೆ ಮಣ್ಣಿನ ಹಾಗೆ ಗಟ್ಟಿ. ಗಾಲಿ ನಿಂತಿತು. ಇಲ್ಲಿ ಇಳಿದು ಸೈಕಲ್ ಹೊತ್ತುಕೊಂಡು ತಿರುಗಿ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಸಣ್ಣ ಗೇರಿಗೆ ಹಾಕಿ, ಎದ್ದು ನಿಂತು ಪೆಡಲ್ ಒತ್ತಿದೆ. ಟಕ್ ಅಂತ ಶಬ್ದ. ಹಿಂದಿನ ಡಿರೇಲರ್, ಅಂದರೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ, ಮೇಲಕ್ಕೆ ತಿರುಚಿಕೊಂಡು ಕಡ್ಡಿಗಳ ನಡುವೆ ಸಿಕ್ಕಿತ್ತು.

ಮುರಿದಿದ್ದು ಡಿರೇಲರ್ ಅಲ್ಲ, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್. ಹೆಬ್ಬೆರಳಿನಷ್ಟು ಅಲ್ಯೂಮಿನಿಯಂ ತುಂಡು. ಫ್ರೇಮ್ ಉಳಿಯಲಿ ಅಂತ ಬೇಕಂತಲೇ ಅದನ್ನು ಮೆತ್ತಗೆ ಮಾಡಿರ್ತಾರೆ. ತಮಾಷೆ ಅಂದರೆ ಅದು ಹೆಚ್ಚಾಗಿ ಒಂದೊಂದು ಫ್ರೇಮಿಗೆ ಒಂದೊಂದು ಆಕಾರ. ಟ್ಯೂಬು, ಚೈನು ಯಾವ ಊರಿನಲ್ಲಾದರೂ ಸಿಗುತ್ತೆ, ಹ್ಯಾಂಗರ್ ಸಿಗಲ್ಲ. ಡಿರೇಲರ್ ಬಿಚ್ಚಿ, ಚೈನ್ ಕತ್ತರಿಸಿ ಒಂದೇ ಗೇರಿಗೆ ಬಿಗಿದು ನೋಡಿದೆ. ಇಪ್ಪತ್ತು ಸುತ್ತಿಗೊಮ್ಮೆ ಚೈನ್ ಪಕ್ಕದ ಹಲ್ಲಿಗೆ ಹಾರುತ್ತಿತ್ತು. ಬಾಟಲಿ ನೀರನ್ನೆಲ್ಲ ಗಾಲಿ ತೊಳೆಯೋಕೆ ಖಾಲಿ ಮಾಡಿದ್ದೆ. ಅದು ಇನ್ನೊಂದು ದಡ್ಡತನ.

ಮೂರು ಗಂಟೆಯಲ್ಲಿ ನಾಲ್ಕು ಕಿಲೋಮೀಟರ್ ಹೊತ್ತು ನಡೆದೆ. ಒಂದು ಕಾರೂ ಬರಲಿಲ್ಲ. ನಾನು ಕೇಳಿದ್ದೂ ಅದನ್ನೇ ತಾನೆ. ಕೊನೆಗೆ ಡಾಂಬರಿನ ಅಂಚಿನಲ್ಲಿ ಸಿಕ್ಕ ಮುದುಕ ರೈತರೊಬ್ಬರು ಸೈಕಲ್ ನೋಡಿದರು, ನನ್ನ ಬೂಟು ನೋಡಿದರು, ಟ್ರ್ಯಾಕ್ಟರ್ ಇಳಿದು ಕಡ್ಡಿಯಿಂದ ಮಣ್ಣು ಕೆರೆಯತೊಡಗಿದರು. ‘ಕಾಯಬೇಕಪ್ಪಾ, ಮಳೆ ಬಂದರೆ ಕಾಯಬೇಕು’ ಅಂತ ಎರಡು ಸಲ ಅಂದರು. ಸ್ಪ್ಯಾನಿಷ್‌ನಲ್ಲಿ ಅಪ್ಪನ ಮಾತು.

ತೆರುವೆಲ್ ತಲುಪುವಷ್ಟರಲ್ಲಿ ಶನಿವಾರ ಮಧ್ಯಾಹ್ನ ಎರಡು ದಾಟಿತ್ತು, ಅಂಗಡಿ ಬಾಗಿಲು ಹಾಕಿತ್ತು. ಮರುದಿನ ಭಾನುವಾರ. ಸೋಮವಾರ ಮೇ 1, ರಜೆ. ಮಂಗಳವಾರ ಹೋದರೆ ತರಿಸಲು ಒಂದು ವಾರ ಅಂದರು. ರೈಲು ಹತ್ತಿದೆ.

ಈಗ ನಿಮ್ಮ ಪ್ರಶ್ನೆ. ನನ್ನ ಪ್ರಕಾರ ಪ್ರಶ್ನೆಯೇ ತಪ್ಪು. ಆ ಕಡೆಯ ಸಣ್ಣ ಡಾಂಬರು ರಸ್ತೆಗಳಲ್ಲೂ ಗಂಟೆಗೆ ಒಂದೋ ಎರಡೋ ಕಾರು ಕಂಡರೆ ಹೆಚ್ಚು. ಸೈಕಲ್ ದಾಟುವಾಗ ಒಂದೂವರೆ ಮೀಟರ್ ಜಾಗ ಬಿಡಬೇಕು ಅಂತ ಅಲ್ಲಿ ಕಾನೂನೇ ಇದೆ, ನಾನು ಕಂಡ ಹೆಚ್ಚಿನವರು ಪಾಲಿಸುತ್ತಾರೆ ಕೂಡ. ಅಲ್ಲಿ ಭಯಪಡಬೇಕಾದ್ದು ಗಾಡಿಗಲ್ಲ, ಯಾರೂ ಇಲ್ಲದಿರೋದಕ್ಕೆ. ಎಷ್ಟೋ ಹಳ್ಳಿಗಳಲ್ಲಿ ಅಂಗಡಿಯೇ ಇಲ್ಲ. ಮೊಂತಾನ್ಯಾಸ್ ವಸೀಯಾಸ್, ಅಂದರೆ ‘ಖಾಲಿ ಬೆಟ್ಟಗಳು’ ಅಂತ ಸುಮಾರು 700 ಕಿ.ಮೀ. ಸುತ್ತುದಾರಿ ಇದೆ, ಎಲ್ಲರೂ ಅದನ್ನೇ ಹೇಳ್ತಾರೆ. ಐದು ದಿನಕ್ಕೆ, ಅದೂ ಮೊದಲ ಸಲಕ್ಕೆ, ಸುಮ್ನೆ ಅದರ ತಂಟೆಗೆ ಹೋಗಬೇಡಿ.

ಓಹೋಸ್ ನೆಗ್ರೋಸ್ ವಿಯಾ ವೆರ್ದೆಗೆ ಹೋಗಿ. ಹಳೇ ರೈಲು ಹಳಿ ಕಿತ್ತು ಸೈಕಲ್ಲಿಗೆ, ನಡೆಯುವವರಿಗೆ ಬಿಟ್ಟ ದಾರಿಗಳಿಗೆ ಅಲ್ಲಿ ವಿಯಾ ವೆರ್ದೆ ಅಂತಾರೆ. ಓಹೋಸ್ ನೆಗ್ರೋಸ್ ಗಣಿಯಿಂದ ಸಗುಂತೊ ಬಂದರಿಗೆ ಕಬ್ಬಿಣದ ಅದಿರು ಸಾಗಿಸಲು 1907ರಿಂದ 1972ರ ತನಕ ರೈಲು ಓಡಿದ ಮಾರ್ಗ ಇದು. ಈಗ ಸುಮಾರು 160 ಕಿ.ಮೀ. ಸೈಕಲ್ ದಾರಿ. ಅದಿರಿನ ರೈಲಿಗೆ ಹಾಸಿದ ಗಟ್ಟಿ ತಳ, ಏರೂ ಕಡಿಮೆ. ಮಳೆ ಬಂದರೂ ನನ್ನ ಗತಿ ಆಗಲ್ಲ. ಸೆಪ್ಟೆಂಬರಿನಲ್ಲಿ ಮತ್ತೆ ಹೋಗಿ ಇದನ್ನೇ ಹೊಡೆದೆ. ತೆರುವೆಲ್ಲಿನಿಂದ ಎಸ್ಕಂದೋನ್ ಘಟ್ಟ ಏರಿ ಬರಾಕಾಸ್ ತನಕ ಗಾಳಿ, ಬಯಲು. ಅಲ್ಲಿಂದ ಸಮುದ್ರದ ಕಡೆ ಇಳಿಜಾರು, ಸುರಂಗ, ಬಾದಾಮಿ ಮರ. ಸುರಂಗಕ್ಕೆ ಲೈಟ್ ಬೇಕು. ಸ್ಪೇನ್ ಅಂದರೆ ಬಿಸಿಲು ಅಂತ ಬರೀ ಟೀ ಶರ್ಟ್ ಒಯ್ಯಬೇಡಿ, ತೆರುವೆಲ್ 900 ಮೀಟರಿಗೂ ಮೇಲಿದೆ, ಮೇ ರಾತ್ರಿ ನಡುಗಿಸುತ್ತೆ. ಟಯರು ಟ್ಯೂಬ್‌ಲೆಸ್ ಇರಲಿ. ನಮ್ಮ ನೆಗ್ಗಿಲು ಮುಳ್ಳು ಅಲ್ಲೂ ಇದೆ, ಅದೇ ಗಿಡ, ಅದೇ ಮುಳ್ಳು.

ದಾರಿಯಲ್ಲಿ ಸೆಗೋರ್ಬೆ ಊರಿಗೆ ತಿರುಗಿ. ಅಲ್ಲಿನ ಕಾರಂಜಿಯಲ್ಲಿ ಸಾಲಾಗಿ 50 ನೀರಿನ ಬಾಯಿ, ಪ್ರತಿಯೊಂದರ ಮೇಲೂ ಒಂದೊಂದು ಪ್ರಾಂತದ ಲಾಂಛನ. ನಾನು ತೆರುವೆಲ್ಲಿನದನ್ನೇ ಹುಡುಕಿ ತಲೆ ಒಡ್ಡಿದೆ.

ಮತ್ತೆ, ಬಾಡಿಗೆ ಬೈಕು ಅಂದಿರಲ್ಲ. ಅದೇ ಫ್ರೇಮಿನ ಹ್ಯಾಂಗರ್ ಒಂದು ಜಾಸ್ತಿ ಕೊಡಿ ಅಂತ ಕೇಳಿ. ಕೊಟ್ಟಿದ್ದನ್ನು ಹಳೆಯದರ ಪಕ್ಕ ಹಿಡಿದು, ತೂತಿಗೆ ತೂತು ಕೂಡುತ್ತಾ ನೋಡಿ. ಕೂಡದಿದ್ದರೆ ಅಂಗಡಿ ಬಿಟ್ಟು ಕದಲಬೇಡಿ.